ಬಲಕ್ಕೆ ಬಡಿಯುವ ಎದೆ

ನಾನು ಸತ್ತುಹೋದೆ ಎಂದು ಮೊದಲು ಹೆದರಿದವಳು ಕಂಪನಿ ಬಸ್ಸಿನಲ್ಲಿ ನನ್ನ ಪಕ್ಕ ಕೂರುವ ಸರಿತಾ.

ಬೆಳಗಿನ ಹೊತ್ತು. ಬಸ್ಸು ಮಣಿಕೊಂಡ ಬಿಟ್ಟು ಪಟಾನ್‌ಚೆರು ಕಡೆ ಹೊರಟಿತ್ತು. ನಾನು ಎಂದಿನಂತೆ ಕೂತ ಕೂಡಲೇ ನಿದ್ದೆ ಹೋಗಿದ್ದೆ. ಅವಳು ಭುಜ ಹಿಡಿದು ಜಗ್ಗಿದಾಗ ಎಚ್ಚರವಾಯಿತು. ನೋಡಿದರೆ ಬಸ್ಸು ರಸ್ತೆ ಬದಿಗೆ ನಿಂತಿದೆ. ಒಳಗಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದಾರೆ.

"ಪದ್ಮಾ ಗಾರು, ಮೀರು ಊಪಿರಿ ಆಪೇಸ್ತುನ್ನಾರು," ಎಂದಳು ಸರಿತಾ. ನೀವು ಉಸಿರು ನಿಲ್ಲಿಸುತ್ತಿದ್ದೀರಿ ಎಂದು. ಗೊರಕೆ ಹೊಡೆಯುತ್ತಿದ್ದವಳು ತಟ್ಟನೆ ಸುಮ್ಮನಾದೆನಂತೆ. ಎಷ್ಟು ಹೊತ್ತಾದರೂ ಎದೆ ಏಳಲಿಲ್ಲವಂತೆ. ಆಮೇಲೆ ಮುಳುಗಿದವಳು ನೀರಿನಿಂದ ಮೇಲೆ ಬಂದ ಹಾಗೆ ಒಮ್ಮೆಲೇ ಉಸಿರೆಳೆದೆನಂತೆ. ಇದು ಇವತ್ತಿನ ಕತೆಯಲ್ಲ, ಹಲವು ದಿನಗಳಿಂದ ನೋಡುತ್ತಿದ್ದೇನೆ, ಇವತ್ತು ತಡೆಯಲಾಗಲಿಲ್ಲ ಎಂದಳು.

ನಾನು ನಕ್ಕೆ. ದಪ್ಪಗಿರುವವರಿಗೆ ನಗುವುದು ರೂಢಿಯಾಗಿರುತ್ತದೆ. ಯಾರಾದರೂ ನಮ್ಮ ಮೈ ಬಗ್ಗೆ ಮಾತು ತೆಗೆಯುವ ಮೊದಲೇ ನಾವೇ ನಕ್ಕುಬಿಟ್ಟರೆ ಅವರಿಗೂ ಹಗುರ, ನಮಗೂ ಹಗುರ. ಆದರೆ ಅವತ್ತು ಬಸ್ಸಿನಲ್ಲಿ ಯಾರೂ ನನ್ನ ಜೊತೆ ನಗಲಿಲ್ಲ.

ನಾನು ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಡಬ್ಬಿಯ ಮೇಲಿನ ಲೇಬಲ್ಲೂ ಒಳಗಿನ ಮಾಲೂ ಒಂದೇ ಹೌದೋ ಅಲ್ಲವೋ ನೋಡುವುದು ನನ್ನ ಕೆಲಸ. ಮನೆಯಲ್ಲಿ ನಾವು ಮೂವರು. ನಾನು, ಗಂಡ ಗಿರೀಶ, ನನ್ನ ಅವ್ವ. ಅಪ್ಪ ಸರ್ಕಾರಿ ನೌಕರಿಯಲ್ಲಿದ್ದು ಈ ಊರಿಗೆ ಬಂದವರು. ಅವರು ಹೋದ ಮೇಲೆ ಅವ್ವ ನಮ್ಮ ಜೊತೆಗೇ ಇದ್ದಾಳೆ. ಹೈದರಾಬಾದಿಗೆ ಬಂದು ಅರ್ಧ ಆಯುಷ್ಯ ಕಳೆದರೂ ಅವಳ ಮಾತು ಬಾಗಲಕೋಟೆ ಕಡೆಯದೇ. ಹೊರಗೆ ಹಿಂದಿ, ಒಳಗೆ ಅವಳ ಕನ್ನಡ.

ಡಾಕ್ಟರು ಒಂದು ರಾತ್ರಿ ಮೈತುಂಬ ವೈರು ಹಚ್ಚಿ ಮಲಗಿಸಿ ಸ್ಲೀಪ್ ಆಪ್ನಿಯಾ ಎಂದರು. ಕತ್ತಿನ ಸುತ್ತಲಿನ ಕೊಬ್ಬು ನಿದ್ದೆಯಲ್ಲಿ ಉಸಿರಿನ ದಾರಿ ಮುಚ್ಚುತ್ತದೆ. ಶುಗರ್ ಮೊದಲೇ ಇತ್ತು, ಈಗ ಇನ್ಸುಲಿನ್‌ಗೂ ಜಗ್ಗುತ್ತಿರಲಿಲ್ಲ. ಮಲಗುವಾಗ ಮೂಗಿಗೆ ಹಾಕಿಕೊಳ್ಳಲು ಒಂದು ಮಾಸ್ಕು, ಅದಕ್ಕೊಂದು ಮಷೀನು ಕೊಟ್ಟರು. ಇಷ್ಟರಿಂದ ಆಗುವುದಿಲ್ಲ, ತೂಕ ಇಳಿಯಲೇಬೇಕು, ನೀವು ಎಲ್ಲ ಮಾಡಿ ನೋಡಿದ್ದೀರಿ, ಇನ್ನು ಸರ್ಜರಿ ಮಾಡಿಸಿಕೊಳ್ಳಿ ಎಂದರು. ಮಾಡಿಸದಿದ್ದರೆ ಎಂದು ಗಿರೀಶ ಕೇಳಿದ. ಒಂದು ದಿನ ನಿಂತ ಉಸಿರು ಮತ್ತೆ ಶುರುವಾಗದೆ ಇರಬಹುದು ಎಂದರು. ಮಳೆ ಬರಬಹುದು ಎನ್ನುವ ದನಿಯಲ್ಲೇ ಹೇಳಿದರು.

ಬೇಗಂಪೇಟೆಯ ಒಂದು ಆಸ್ಪತ್ರೆಗೆ ಹೋದೆವು. ಅಲ್ಲಿನ ಸರ್ಜನ್ ಮೇಡಂ ಸಣ್ಣ ಮೈಕಟ್ಟಿನವರು, ಮಾತು ಕಡಿಮೆ. ಸ್ಲೀವ್ ಗ್ಯಾಸ್ಟ್ರೆಕ್ಟಮಿ ಎಂದರು. ಜಠರದ ಬಹುಭಾಗವನ್ನು ಸ್ಟೇಪ್ಲರ್ ಹಾಕಿ ಕತ್ತರಿಸಿ ತೆಗೆದುಬಿಡುತ್ತಾರೆ. ಉಳಿಯುವುದು ಬಾಳೆಹಣ್ಣಿನಷ್ಟು ಸಪೂರದ ಒಂದು ಚೀಲ. ಅದಕ್ಕೆ ಮೊದಲು ಕೆಲವು ಟೆಸ್ಟುಗಳಾಗಬೇಕು ಎಂದರು.

ಅಲ್ಟ್ರಾಸೌಂಡ್ ಕೋಣೆ ತಣ್ಣಗಿತ್ತು. ಹೊಟ್ಟೆಗೆ ಜೆಲ್ ಹಚ್ಚಿ ಮಷೀನಿನ ಹುಡುಗಿ ನನ್ನ ಬಲ ಪಕ್ಕೆಯ ಕೆಳಗೆ ಪ್ರೋಬ್ ಇಟ್ಟಳು. ಏನೋ ಹುಡುಕಿದಳು. ಪ್ರೋಬನ್ನು ಎತ್ತಿ, ತಿರುಗಿಸಿ ನೋಡಿ, ಮತ್ತೆ ಇಟ್ಟಳು. ಹಾಡು ಗುನುಗುತ್ತಿದ್ದವಳು ನಿಲ್ಲಿಸಿದಳು. ಆಪರೇಷನ್ ಏನಾದರೂ ಆಗಿದೆಯೇ ಎಂದು ತೆಲುಗಿನಲ್ಲಿ ಕೇಳಿದಳು. ಇಲ್ಲ ಎಂದೆ. ಪರದೆಯನ್ನು ನನ್ನಿಂದ ಆಚೆ ತಿರುಗಿಸಿಕೊಂಡಳು. ಹೊರಗೆ ಹೋಗಿ ಇನ್ನೊಬ್ಬರನ್ನು ಕರೆತಂದಳು. ಅವರು ಮತ್ತೊಬ್ಬರನ್ನು ಕರೆದರು. ಕತ್ತಲೆ ಕೋಣೆಯಲ್ಲಿ ಮೂವರು ನನ್ನ ಹೊಟ್ಟೆಯೊಳಗೆ ನೋಡುತ್ತ ಪಿಸುಗುಟ್ಟುತ್ತಿದ್ದರು. ಜೆಲ್ ಒಣಗುತ್ತ ಬಂತು. ನನಗೆ ಯಾರೂ ಏನೂ ಹೇಳಲಿಲ್ಲ.

ಇಸಿಜಿಯಲ್ಲೂ ಹಾಗೇ ಆಯಿತು. ವೈರು ಅದಲುಬದಲಾಗಿದೆ ಎಂದು ಬಿಚ್ಚಿ ಮತ್ತೆ ಹಚ್ಚಿದರು. ಮತ್ತೆ ಅದೇ ಗೆರೆ.

ಸರ್ಜನ್ ಮೇಡಂ ಸಿಟಿ ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ತಮ್ಮ ಕುರ್ಚಿಯಿಂದೆದ್ದು ಬಂದು ನನ್ನ ಬಲ ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟರು.

ನನ್ನ ಹೃದಯ ಅಲ್ಲಿತ್ತು.

ಹೃದಯ ಬಲಕ್ಕೆ. ಲಿವರ್ ಎಡಕ್ಕೆ. ಜಠರ ಬಲಕ್ಕೆ, ಸ್ಪ್ಲೀನ್ ಬಲಕ್ಕೆ. ಒಳಗೆ ಇರಬೇಕಾದ್ದೆಲ್ಲ ಇದೆ, ಒಂದೂ ಇರಬೇಕಾದ ಕಡೆ ಇಲ್ಲ. ಸೈಟಸ್ ಇನ್ವರ್ಸಸ್ ಎಂದರು. ಹುಟ್ಟಿನಿಂದ ಹೀಗೇ ಇದ್ದೀರಿ, ಇದು ರೋಗವಲ್ಲ, ಇದರಿಂದ ಅಪಾಯವೇನೂ ಇಲ್ಲ, ನಿಮಗೆ ಯಾರೂ ಹೇಳಲಿಲ್ಲವೇ ಎಂದರು. ಯಾರು ಹೇಳಬೇಕಿತ್ತು? ಚಿಕ್ಕವಳಿದ್ದಾಗ ಜ್ವರ ಬಂದರೆ ಡಾಕ್ಟರು ಎಡಕ್ಕೆ ಸ್ಟೆತಾಸ್ಕೋಪ್ ಇಟ್ಟು ಎದೆಬಡಿತ ಸ್ವಲ್ಪ ಕ್ಷೀಣ, ಟಾನಿಕ್ ಕೊಡಿ ಅನ್ನುತ್ತಿದ್ದರು. ಆಫೀಸಿನ ಯೋಗ ಕ್ಲಾಸಿನಲ್ಲಿ ಎಡ ಎದೆಯ ಮೇಲೆ ಕೈಯಿಟ್ಟು ನಿಮ್ಮ ಹೃದಯವನ್ನು ಆಲಿಸಿ ಎಂದಾಗ ನನಗೆ ಏನೂ ಕೇಳಿಸುತ್ತಿರಲಿಲ್ಲ. ಕೊಬ್ಬು ಜಾಸ್ತಿ, ಅದಕ್ಕೇ ಎಂದುಕೊಂಡು ಕೇಳಿಸಿದವಳ ಹಾಗೆ ಕಣ್ಣು ಮುಚ್ಚುತ್ತಿದ್ದೆ.

ಕೆಲಸಕ್ಕೆ ಸೇರುವಾಗ ತೆಗೆಸಿದ ಹಳೆಯ ಎಕ್ಸ್‌ರೇ ಮನೆಯ ಕಪಾಟಿನಲ್ಲಿತ್ತು. ಗಿರೀಶ ಹುಡುಕಿ ತಂದ. ಅದರಲ್ಲಿ ಹೃದಯ ಸರಿಯಾಗಿ ಎಡಕ್ಕೇ ಇತ್ತು. ಮೇಡಂ ನೋಡಿ ಸಣ್ಣಗೆ ನಕ್ಕರು. ಎಡ ಎಂದು ಗುರುತು ಹೇಳುವ ಅಕ್ಷರವನ್ನು ಅಲ್ಲಿ ಆಮೇಲೆ ಅಂಟಿಸಿದ್ದರು. ಎಕ್ಸ್‌ರೇ ತೆಗೆದವನು ಫಿಲ್ಮು ಉಲ್ಟಾ ಹಿಡಿದಿದ್ದೇನೆ ಅಂದುಕೊಂಡು ಅದನ್ನು ತಿರುವಿ, ಹೃದಯ ಎಲ್ಲಿ ಕಂಡಿತೋ ಅಲ್ಲಿ ಎಡದ ಗುರುತು ಹಚ್ಚಿ ಕೈತೊಳೆದುಕೊಂಡಿದ್ದ. ನಮ್ಮ ಕಾರ್ಖಾನೆಯಲ್ಲಿ ಯಾರಾದರೂ ಹೀಗೆ ಮಾಲು ನೋಡದೆ ಲೇಬಲ್ ಹಚ್ಚಿದ್ದರೆ ನಾನೇ ಅವರ ಕೆಲಸ ಕಳೆಯುತ್ತಿದ್ದೆ.

ಮನೆಗೆ ಬಂದು ಅವ್ವನಿಗೆ ಹೇಳಿದೆವು. ನಗಿಸಬೇಕೆಂದು ಗಿರೀಶ ದೊಡ್ಡ ದನಿಯಲ್ಲಿ ಹೇಳಿದ. ನಮ್ಮ ಮನೆಯ ಎಲ್ಲರೂ ಊಟವಾದ ಮೇಲೆ ಎಡಮಗ್ಗುಲಾಗಿ ಮಲಗಬೇಕೆಂಬುದು ಅವ್ವನ ಕಾಯಿದೆ. ಹಾಗೆ ಮಲಗಿದರೆ ಅನ್ನ ಅರಗುತ್ತದೆ. ನನಗೆ ಮಾತ್ರ ಆ ಮಗ್ಗುಲಿಗೆ ಹೊರಳಿದರೆ ಎದೆಯವರೆಗೆ ಉರಿ ಬರುತ್ತಿತ್ತು. ಕದ್ದು ಬಲಕ್ಕೆ ಹೊರಳಿ, ಬೈಸಿಕೊಂಡು ಬೆಳೆದವಳು ನಾನು. "ಅತ್ತಿ, ಇಷ್ಟು ವರ್ಷ ನೀವು ಈಕಿನ್ನ ಸುಮ್ಮನ ಬೈದ್ರಿ ನೋಡ್ರಿ," ಎಂದ ಗಿರೀಶ. "ಈಕಿ ಹೊಟ್ಟಿ ಬಲಕ್ಕ ಐತಿ. ಗುಂಡಿಗಿನೂ ಬಲಕ್ಕ ಐತಂತ."

ಅವ್ವ ನಗಲಿಲ್ಲ.

"ಯಾವ ಕಡೆ ಅಂದ್ರಿ?" ಎಂದು ಕೇಳಿದಳು.

"ಬಲಕ್ಕರಿ."

"ಯಾವ ಕಡೆ?"

ಅವಳಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ. ಗಿರೀಶ ನನ್ನ ಮುಖ ನೋಡಿದ. ಅವ್ವ ಸೋಸುತ್ತಿದ್ದ ಮೆಂತೆ ಸೊಪ್ಪನ್ನು ಹಾಗೇ ಬಿಟ್ಟು ಎದ್ದು ತನ್ನ ಕೋಣೆಗೆ ಹೋದಳು. ಅಂದಿನಿಂದ ಅವಳು ನನ್ನನ್ನು ಪಮ್ಮಿ ಎಂದು ಕರೆಯುವುದನ್ನು ಬಿಟ್ಟಳು. ನಾನು ಎದುರಿಗೇ ಕೂತಿದ್ದರೂ "ಆಕಿ ಉಂಡಳೇನ್ರಿ?" ಎಂದು ಗಿರೀಶನನ್ನು ಕೇಳುತ್ತಿದ್ದಳು. ಭಾನುವಾರ ತಲೆಗೆ ಎಣ್ಣೆ ಹಚ್ಚಲು ಬರಲಿಲ್ಲ. ತಟ್ಟೆಗೆ ಬಡಿಸಿ, ನನ್ನ ಮುಂದಿಟ್ಟು, ನಾನು ಉಣ್ಣುವುದನ್ನು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಳು. ಗುರುತಿಲ್ಲದ ಹೆಂಗಸೊಬ್ಬಳು ಮನೆಗೆ ಬಂದು ಉಣ್ಣಲು ಕೂತರೆ ಹಾಗೆ ನೋಡುತ್ತಾರೆ.

ಒಂದು ಮಧ್ಯಾಹ್ನ ಮಾಸ್ಕು ಹಾಕಿಕೊಂಡು ಮಲಗಿದ್ದೆ. ಎಚ್ಚರವಾದಾಗ ಅವ್ವ ಮಂಚದ ಪಕ್ಕ ಬಗ್ಗಿ ನಿಂತಿದ್ದಳು. ಅವಳ ಅಂಗೈ ನನ್ನ ಬಲ ಎದೆಯ ಮೇಲೆ ಇತ್ತು. ಮುಟ್ಟಿರಲಿಲ್ಲ. ಒಂದು ಬೆರಳಿನಷ್ಟು ಮೇಲೆ, ಗಾಳಿಯಲ್ಲಿ, ಹಾಗೇ ನಿಂತಿತ್ತು. ನಾನು ಕಣ್ಣು ಬಿಟ್ಟದ್ದನ್ನು ನೋಡಿ ಕೈ ಹಿಂದೆ ತೆಗೆದುಕೊಂಡಳು. ನನಗೆ ಭಯವಾಯಿತು. ಹೆತ್ತ ತಾಯಿಯನ್ನು ಕಂಡು ಭಯವಾದದ್ದು ಅದೇ ಮೊದಲು, ಹೇಳಲು ನಾಚಿಕೆಯೇನಿಲ್ಲ.

"ಏನವ್ವಾ?" ಎಂದೆ.

"ಕತ್ತಿ ಹಚ್ಚಿಸಿಕೊಬ್ಯಾಡ," ಎಂದಳು. "ಹೆಂಗೋ ಉಳದೀ. ಹಂಗ ಇದ್ದುಬಿಡು."

ಹೆಂಗೋ ಉಳದೀ ಎಂದರೆ ಏನು ಎಂದು ಕೇಳಿದೆ. ಅವಳು ಹೊರಟುಹೋದಳು. ಆದರೆ ಅಷ್ಟರಲ್ಲಿ ಆಪರೇಷನ್‌ಗೆ ದಿನ ಗೊತ್ತಾಗಿತ್ತು. ಲಿವರ್ ಕುಗ್ಗಲಿ ಎಂದು ನನಗೆ ಬರೀ ನೀರುನೀರಾದ ಆಹಾರ ಕೊಡುತ್ತಿದ್ದರು. ಹಸಿವಿನಲ್ಲಿ ಮನುಷ್ಯನಿಗೆ ತಾಳ್ಮೆ ಇರುವುದಿಲ್ಲ. ಒಂದು ಸಂಜೆ ಅಡುಗೆಮನೆಯಲ್ಲಿ ಅವಳ ದಾರಿಗೆ ಅಡ್ಡ ನಿಂತೆ. ಗಿರೀಶನೂ ಬಂದ. ಹೇಳದೆ ನಿನ್ನನ್ನು ಬಿಡುವುದಿಲ್ಲ ಎಂದೆ.

ನನ್ನ ಜೊತೆ ಇನ್ನೊಂದು ಕೂಸು ಹುಟ್ಟಿ ಉಳಿಯಲಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಅವಳಿ ಹೆಣ್ಣುಮಕ್ಕಳು. ಅಷ್ಟೇ ಗೊತ್ತಿದ್ದದ್ದು. ಅದರ ಬಗ್ಗೆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಅವ್ವ ಅಡುಗೆಕಟ್ಟೆಗೆ ಒರಗಿ, ನೆಲ ನೋಡುತ್ತ ಹೇಳಿದಳು.

"ತವರುಮನ್ಯಾಗ ಹಡದದ್ದು. ಊರ ಡಾಕ್ಟರು ಬಂದು ಇಬ್ಬರ ಎದಿಗೂ ನಳಗಿ ಹಚ್ಚಿ ನೋಡಿದ್ರು. ಒಂದು ಕೂಸಿನ ಗುಂಡಿಗಿ ಬಲಕ್ಕ ಐತಿ, ಇದು ಬಾಳಂಗಿಲ್ಲ ಅಂದ್ರು. ಇಬ್ಬರೂ ಒಂದ ಥರ ಇದ್ರಲ್ಲ, ಅದಕ್ಕ ನಮ್ಮವ್ವ ಆ ಕೂಸಿನ ಕಾಲಿಗೆ ಕರಿದಾರ ಕಟ್ಟಿದ್ಲು. ಗುರುತಿಗೂ ಆತು, ದೃಷ್ಟಿಗೂ ಆತು ಅಂತ. ನನಗ ಹಾಲು ಇಬ್ಬರಿಗೆ ಸಾಲತಿದ್ದಿಲ್ಲ. ಹೋಗೋ ಕೂಸಿಗೆ ಕುಡಿಸಿ ಇರೋ ಕೂಸನ್ನ ಯಾಕ ಉಪವಾಸ ಕೆಡವತಿ ಅಂದ್ಲು ನಮ್ಮವ್ವ. ನಾ ಹೂಂ ಅಂದೆ. ದಾರ ಇಲ್ಲದಾಕಿಗೆ ನಾ ಕುಡಿಸಿದೆ. ದಾರ ಇದ್ದಾಕಿಗೆ ಅರಳಿ ಬತ್ತಿ ಅದ್ದಿ ಆಕಳ ಹಾಲು ಹನಿಸಿದ್ರು. ಆಕಿ ಹ್ವಾದ್ಲು."

ಅವ್ವ ತಲೆ ಎತ್ತಿ ನನ್ನ ಎದೆಯ ಬಲಭಾಗವನ್ನೇ ನೋಡಿದಳು.

"ಹಂಗಾದ್ರ ನೀ ಯಾವಾಕಿ?"

ಹೃದಯ ಬಲಕ್ಕಿದ್ದ ಕೂಸು ಸತ್ತಿದೆ ಎಂದು ಅವ್ವ ಇಷ್ಟು ವರ್ಷ ನಂಬಿದ್ದಳು. ಈಗ ಹೃದಯ ಬಲಕ್ಕಿದ್ದ ಕೂಸು ಅವಳ ಮುಂದೆ ನಿಂತು ಪ್ರಶ್ನೆ ಕೇಳುತ್ತಿತ್ತು.

ಹೇಗೆ ಅದಲುಬದಲಾಯಿತೆಂದು ಅವಳೇ ಹೇಳಿದಳು. ಇಷ್ಟು ದಿನ ಅದನ್ನೇ ಯೋಚಿಸುತ್ತಿದ್ದಳಂತೆ. ಕೂಸುಗಳಿಗೆ ದಿನಾ ಎಣ್ಣೆ ಹಚ್ಚಿ ಎರೆಯುತ್ತಿದ್ದವಳು ನನ್ನ ಅಜ್ಜಿ. ಒದ್ದೆ ದಾರ ಮೈಮೇಲಿದ್ದರೆ ಕೂಸಿಗೆ ನೆಗಡಿಯಾಗುತ್ತದೆ ಎಂದು ಎರೆಯುವ ಮೊದಲು ಬಿಚ್ಚಿ ಗೂಡಿನಲ್ಲಿ ಇಡುತ್ತಿದ್ದಳು. ಎರೆದ ಮೇಲೆ ಎರಡನ್ನೂ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಲೋಬಾನದ ಹೊಗೆಗೆ ಹಿಡಿಯುತ್ತಿದ್ದಳು. ಕೋಣೆ ತುಂಬ ಹೊಗೆ. ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು. ಆ ಹೊಗೆಯಲ್ಲಿ ಒಂದು ಸಣ್ಣ ಕಾಲು ಹುಡುಕಿ ಅವಳು ದಾರ ಕಟ್ಟುತ್ತಿದ್ದಳು. ಬಾಣಂತಿ ಹೊರಸಿನಿಂದ ಇಳಿಯುವಂತಿರಲಿಲ್ಲ. ಅವ್ವ ತಲೆಗೆ ಬಟ್ಟೆ ಸುತ್ತಿಕೊಂಡು ಆಚೆ ಕೋಣೆಯಲ್ಲಿ ಮಲಗಿ, ದಾರ ಕಟ್ಟಿದ ಕೂಸು, ಕಟ್ಟದ ಕೂಸು ಎಂದು ಅವರು ತಂದುಕೊಟ್ಟದ್ದನ್ನು ನಂಬಿದಳು. ಯಾವುದೋ ಒಂದು ಬೆಳಿಗ್ಗೆ ದಾರ ಇನ್ನೊಂದು ಕಾಲಿಗೆ ಹೋಗಿದೆ. ಅಂದಿನಿಂದ ಗಟ್ಟಿ ಕೂಸು ಹಸಿದಿದೆ. ಬಾಳುವುದಿಲ್ಲ ಎನಿಸಿಕೊಂಡ ಕೂಸು ಅವ್ವನ ಹಾಲು ಕುಡಿದು ಬೆಳೆದಿದೆ.

ಗಿರೀಶನಿಗೆ ಯಾರಾದರೂ ದುಃಖದಲ್ಲಿದ್ದರೆ ಸುಮ್ಮನಿರಲು ಬರುವುದಿಲ್ಲ. "ಅತ್ತಿ, ಹೆದರಬ್ಯಾಡ್ರಿ," ಎಂದ. "ಆ ಡಾಕ್ಟರಿಗೆ ತಿಳೀಲಿಲ್ಲ. ಮೇಡಂ ಹೇಳ್ಯಾರ, ಎಲ್ಲಾ ಉಲ್ಟಾ ಇದ್ರೂ ಏನೂ ಧೋಕಾ ಇಲ್ಲರಿ. ಹಂಗಿದ್ದವರು ಎಲ್ಲಾರಂಗ ಬಾಳತಾರ."

ಅವ್ವ ಅವನ ಮುಖವನ್ನು ನೋಡುತ್ತ ನಿಂತಳು.

"ಅಂದ್ರ ಇಬ್ಬರೂ ಉಳೀತಿದ್ರು," ಎಂದಳು.

ಆಮೇಲೆ ಅವಳು ಕೋಣೆಯ ಬಾಗಿಲು ಹಾಕಿಕೊಂಡಳು. ಗಿರೀಶ ತನ್ನ ಬಾಯನ್ನು ತಾನೇ ಶಪಿಸಿಕೊಳ್ಳುತ್ತ ಬಾಲ್ಕನಿಯಲ್ಲಿ ಕೂತ. ನನಗೆ ಅವ್ವನ ಮೇಲೆ ಸಿಟ್ಟು ಬಂತು, ಅಯ್ಯೋ ಅನಿಸಿತು, ಮತ್ತೆ ಸಿಟ್ಟು ಬಂತು. ಯಾರ ಪಾಲಿನ ಹಾಲು ಕುಡಿದೆ, ಯಾರ ಜಾಗದಲ್ಲಿ ಇದ್ದೇನೆ ಎಂದು ಯೋಚಿಸಿದರೆ ತಲೆ ಸುತ್ತುತ್ತಿತ್ತು. ಚಿಕ್ಕಂದಿನಿಂದ ಅವಳು ನನಗೆ ಸಾಕೆಂದರೂ ಬಿಡದೆ ಬಡಿಸುತ್ತಿದ್ದಳು. ಒಂದು ಜೀವವನ್ನು ಕಳೆದು ಉಳಿಸಿಕೊಂಡ ಕೂಸು ಸೊರಗಬಾರದಲ್ಲ. ನನ್ನ ಈ ಮೈ ಸುಮ್ಮನೆ ಬಂದದ್ದಲ್ಲ ಎಂದು ಆಗ ಅರ್ಥವಾಯಿತು.

ಸರ್ಜರಿ ಮಾತ್ರ ನಿಲ್ಲಿಸುವಂತಿರಲಿಲ್ಲ. ಬಸ್ಸಿನಲ್ಲಿ ಸರಿತಾ ಈಗ ನನ್ನನ್ನು ಮಲಗಲು ಬಿಡುತ್ತಿರಲಿಲ್ಲ, ಕಣ್ಣು ಮುಚ್ಚಿದರೆ ತಿವಿಯುತ್ತಿದ್ದಳು. ಮಾಸ್ಕು ಹಾಕಿ ಮಲಗಿದರೂ ತಲೆ ಸಿಡಿಯುತ್ತ ಏಳುತ್ತಿದ್ದೆ. ಅಪಾಯ ಎಲ್ಲಿದೆ ಎಂದು ಸರ್ಜನ್ ಮೇಡಂ ಮುಚ್ಚುಮರೆಯಿಲ್ಲದೆ ಹೇಳಿದರು. ನಿಮ್ಮ ಅಂಗಗಳಲ್ಲಿ ದೋಷವಿಲ್ಲ, ಅಪಾಯ ನನ್ನ ಕೈಯಲ್ಲಿದೆ ಎಂದರು. ಇಷ್ಟು ವರ್ಷದಲ್ಲಿ ಕೈ ತಾನಾಗಿಯೇ ಹೋಗುವಷ್ಟು ಅಭ್ಯಾಸವಾದ ದಾರಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಸ್ಪ್ಲೀನಿನ ಪಕ್ಕದಲ್ಲಿ ಕೈ ಅಭ್ಯಾಸಬಲದಿಂದ ಒಂದು ಸಲ ತಪ್ಪು ಕಡೆ ಹೋದರೆ ರಕ್ತ ನಿಲ್ಲಿಸುವುದು ಕಷ್ಟ. "ಘರ್ ವಹೀ ಹೈ, ದರ್ವಾಜೇ ಉಲ್ಟೇ ಹೈಂ," ಎಂದರು. ಮನೆ ಅದೇ, ಬಾಗಿಲುಗಳು ಮಾತ್ರ ತಿರುಗುಮುರುಗು. ತಾವು ಹಿಂದೆ ಮಾಡಿದ ಆಪರೇಷನ್‌ಗಳ ವಿಡಿಯೋಗಳನ್ನು ಎಡಬಲ ತಿರುಗಿಸಿ ದಿನಾ ನೋಡುತ್ತಿದ್ದಾರಂತೆ. ಮನೆಯಲ್ಲಿ ಎಡಗೈಯಿಂದ ತರಕಾರಿ ಹೆಚ್ಚುತ್ತಿದ್ದಾರಂತೆ. ಅಷ್ಟು ದೊಡ್ಡ ಸರ್ಜನ್ ಹೀಗೆ ಹೇಳಿದ್ದಕ್ಕೆ ನನಗೆ ಹೆದರಿಕೆ ಕಡಿಮೆಯಾಯಿತು. ಲೇಬಲ್ ನೋಡಿ ನಂಬದೆ ಒಳಗೆ ನೋಡುವ ಜಾತಿ ಅವರದು.

ಆಸ್ಪತ್ರೆಗೆ ಹೊರಟಾಗ ಅವ್ವ ಬಾಗಿಲಿಗೂ ಬರಲಿಲ್ಲ.

ಆಪರೇಷನ್ ಥಿಯೇಟರಿನಲ್ಲಿ ಎಲ್ಲವೂ ಜಾಗ ಬದಲಿಸಿತ್ತು. ಪರದೆ ಆ ಕಡೆಯದು ಈ ಕಡೆಗೆ, ಉಪಕರಣದ ಟ್ರಾಲಿ ಈ ಕಡೆಯದು ಆ ಕಡೆಗೆ. ನರ್ಸುಗಳು ತಮ್ಮ ತಮ್ಮ ಜಾಗದಲ್ಲಿ ನಿಂತು, ತಪ್ಪಾಯಿತೆಂದು ನಕ್ಕು, ಮತ್ತೆ ಸರಿಯುತ್ತಿದ್ದರು. ನನ್ನೊಬ್ಬಳಿಗಾಗಿ ಇಡೀ ಕೋಣೆ ಮಗ್ಗುಲು ಬದಲಿಸಿತ್ತು. ಮೇಡಂ ನನ್ನ ಹೊಟ್ಟೆಯ ಮೇಲೆ ಮಾರ್ಕರಿನಿಂದ ಗುರುತು ಹಾಕಿದರು. ಎಲ್ಲರೂ ಸುಮ್ಮನಾದರು. ಒಬ್ಬ ನರ್ಸ್ ನನ್ನ ಹೆಸರು ಕೇಳಿದಳು. ಸರಿಯಾದ ರೋಗಿಗೇ ಆಪರೇಷನ್ ಆಗುತ್ತಿದೆಯೇ ಎಂದು ಖಚಿತ ಮಾಡಿಕೊಳ್ಳಲು ಎಲ್ಲರನ್ನೂ ಕೇಳುತ್ತಾರೆ.

ಉತ್ತರ ಬರಲು ಒಂದು ಕ್ಷಣ ತಡವಾಯಿತು.

ಪದ್ಮಾ ಎಂದೆ. ತೊಟ್ಟಿಲಿಗೆ ಹಾಕುವ ದಿನ ಉಳಿದಿದ್ದ ಕೂಸಿಗೆ ಇಟ್ಟ ಹೆಸರು ಅದು. ಇನ್ನೊಂದಕ್ಕೆ ಹೆಸರು ಬರುವಷ್ಟು ದಿನ ಸಿಗಲಿಲ್ಲ. ಹಾಗೆ ನೋಡಿದರೆ ಹೆಸರಂತೂ ನನ್ನದೇ. ಮುಖದ ಮೇಲೆ ಮಾಸ್ಕು ಬಂತು. ಇನ್ನೊಬ್ಬಳ ಕಾಲಿನ ದಾರವನ್ನು ನೆನೆಯುತ್ತಲೇ ನಾನು ಇಲ್ಲವಾದೆ.

ಎಚ್ಚರವಾದಾಗ ಗಂಟಲು ಒಣಗಿತ್ತು, ಬಲಭುಜ ಸಿಡಿಯುತ್ತಿತ್ತು. ಹೊಟ್ಟೆಗೆ ತುಂಬಿದ ಗ್ಯಾಸಿನ ನೋವು, ಇಳಿಯುತ್ತದೆ ಎಂದರು. ಮೇಡಂ ಬಂದು, ಎಲ್ಲ ಚೆನ್ನಾಗಿ ಆಯಿತು, ಮಾಮೂಲಿಗಿಂತ ನಿಧಾನ ಮಾಡಿದೆ, ಅಷ್ಟೇ ಎಂದರು. ಅವರ ಕಣ್ಣ ಕೆಳಗೆ ಕಪ್ಪಾಗಿತ್ತು. ಅವರ ಕೈ ಹಿಡಿದುಕೊಂಡೆ. ಯಾವ ಕೈ ಎಂದು ನೋಡಲಿಲ್ಲ.

ಮರುದಿನ ಬೆಳಿಗ್ಗೆ ಗಿರೀಶ ಅವ್ವನನ್ನು ಕರೆತಂದ. ಅವಳೇ ಕೇಳಿದಳಂತೆ, "ಆಕಿ ಅದಾಳೇನ್ರಿ?" ಎಂದು. ಬಂದವಳು ನನ್ನ ಹತ್ತಿರ ಬರಲಿಲ್ಲ. ಕಿಟಕಿ ಪಕ್ಕದ ಕುರ್ಚಿಯಲ್ಲಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಕಾಯುವವಳ ಹಾಗೆ ಕೂತಳು. ಗಿರೀಶ ಔಷಧ ತರಲು ಕೆಳಗೆ ಹೋದ. ನೋವಿನ ಇಂಜೆಕ್ಷನ್ನಿನ ಅಮಲಿನಲ್ಲಿ ನನಗೆ ಅರೆನಿದ್ದೆ. ಕೋಣೆಯ ಮಾತು ಕೇಳುತ್ತಿತ್ತು, ಕಣ್ಣು ತೆರೆಯುತ್ತಿರಲಿಲ್ಲ. ಬೆರಳಿಗೆ ಹಾಕಿದ್ದ ಕ್ಲಿಪ್ಪು ಜಾರಿತೋ, ನನ್ನ ಉಸಿರೇ ನಿಂತಿತೋ, ಮಂಚದ ಪಕ್ಕದ ಮಷೀನು ಒಂದೇ ಸಮನೆ ಕೂಗತೊಡಗಿತು.

ಪಾಳಿ ಬದಲಾಗಿ ಹೊಸದಾಗಿ ಬಂದಿದ್ದ ಡ್ಯೂಟಿ ಡಾಕ್ಟರ್ ಓಡಿ ಬಂದ. ಫೈಲ್ ನೋಡುವಷ್ಟು ಹೊತ್ತು ಅವನಿಗಿರಲಿಲ್ಲ. ಸ್ಟೆತಾಸ್ಕೋಪನ್ನು ನನ್ನ ಎಡ ಎದೆಯ ಮೇಲೆ ಇಟ್ಟ. ತೆಗೆದ. ಇನ್ನೊಂದು ಕಡೆ ಇಟ್ಟ, ಅದೂ ಎಡಕ್ಕೇ. ಅಮ್ಮಾ, ಅಮ್ಮಾ ಎಂದು ಕೆನ್ನೆ ತಟ್ಟಿದ. ಇದ್ದೇನಪ್ಪಾ ಎನ್ನಬೇಕೆಂದುಕೊಂಡೆ. ನಾಲಿಗೆ ಏಳಲಿಲ್ಲ. ಬಸ್ಸಿನಲ್ಲಿ ಆದಂತೆ ಉಸಿರು ಎಲ್ಲೋ ಸಿಕ್ಕಿಕೊಂಡಿತ್ತು. ಎದೆ ತುಂಬುತ್ತಿಲ್ಲ ಎಂದು ಗೊತ್ತಾಗುತ್ತಿತ್ತು.

"ಸಿಸ್ಟರ್! ಹಾರ್ಟ್ ಸೌಂಡ್ ಲೇದು!" ಎಂದು ಅವನು ಕೂಗಿದ. ಎದೆಬಡಿತ ಇಲ್ಲ ಎಂದು. 

ಆ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು. ನಾನು ನನ್ನ ಸಾವಿನ ಸುದ್ದಿಯನ್ನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದೆ.

ಕುರ್ಚಿ ಬಿದ್ದ ಸದ್ದಾಯಿತು. "ಏ ತಮ್ಮಾ, ಅಲ್ಲಲ್ಲ!" ಅವ್ವನ ದನಿ. ಅವಳು ಅವನ ಕೈಯನ್ನು ತಳ್ಳಿದಳು. ಮರುಕ್ಷಣ ನನ್ನ ಬಲ ಎದೆಯ ಮೇಲೆ ಅವಳ ಅಂಗೈ ಬಂದು ಕೂತಿತು. ಈ ಸಲ ಗಾಳಿಯಲ್ಲಿ ನಿಲ್ಲಲಿಲ್ಲ. ಪೂರ್ತಿ ಭಾರ ಬಿಟ್ಟು ಒತ್ತಿದಳು. "ಇಲ್ಲೈತಿ ನೋಡು. ನನ್ನ ಮಗಳ ಗುಂಡಿಗಿ ಇಲ್ಲೈತಿ. ಇಲ್ಲಿ ಕೇಳು."

ಅವನಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ಅವಳ ಕೈ ಎಲ್ಲಿದೆ ಎಂದು ನೋಡಿದ. ಅವಳ ಬೆರಳುಗಳ ಸಂದಿನಲ್ಲಿ ಸ್ಟೆತಾಸ್ಕೋಪಿನ ತಣ್ಣನೆಯ ಬಿಲ್ಲೆ ಬಂದು ಕೂತಿತು. "ಉಂದಿ," ಎಂದ ಅವನು. ಇದೆ ಎಂದು.

"ಪಮ್ಮೀ, ಉಸಿರು ತಗೋ," ಎಂದಳು ಅವ್ವ. "ತಗೋ ನನ್ನವ್ವ."

ತೆಗೆದುಕೊಂಡೆ.

ಈಗ ಮನೆಯಲ್ಲಿದ್ದೇನೆ. ಕೆಲಸಕ್ಕೆ ಇನ್ನೂ ಹೋಗುತ್ತಿಲ್ಲ. ತೂಕ ಇಳಿಯುತ್ತಿದೆ, ಇನ್ಸುಲಿನ್ ಕಡಿಮೆಯಾಗಿದೆ. ಮಾಸ್ಕು ಇನ್ನೂ ಬೇಕು, ಬಿಡಬಹುದೋ ಇಲ್ಲವೋ ಮುಂದೆ ನೋಡೋಣ ಎಂದಿದ್ದಾರೆ. ಕೆಲವು ದಿನ ಎರಡು ಚಮಚ ಬೇಳೆಕಟ್ಟು ಕುಡಿಯುವಷ್ಟರಲ್ಲಿ ವಾಂತಿ ಬಂದಂತಾಗುತ್ತದೆ, ಕೂದಲು ಉದುರುತ್ತಿದೆ. ಗೆದ್ದೆ ಎಂದು ಹೇಳುವ ಧೈರ್ಯ ನನಗಿಲ್ಲ. ಇದ್ದೇನೆ ಎನ್ನಬಲ್ಲೆ. ಎಡಗೈಯಿಂದ ತರಕಾರಿ ಹೆಚ್ಚಿದ ಆ ಮೇಡಂಗೆ, ಬಸ್ಸು ನಿಲ್ಲಿಸಿದ ಸರಿತಾಳಿಗೆ ನಾನು ಋಣಿ. ಹೆಸರಿಲ್ಲದೆ ಹೋದವಳಿಗೆ ಅವರಿಗಿಂತ ಹೆಚ್ಚು ಋಣಿ. ಅವಳ ಋಣ ಹೇಗೆ ತೀರಿಸುವುದೋ ತಿಳಿಯದು.

ಮೊನ್ನೆ ಮಧ್ಯಾಹ್ನ ಅವ್ವ ನನ್ನ ಪಕ್ಕದಲ್ಲೇ ಮಲಗಿದ್ದಳು. ಧೈರ್ಯ ಮಾಡಿ ಕೇಳಿದೆ.

"ಅವ್ವಾ, ಆಕಿ ಹೆಂಗಿದ್ಲು?"

ಅವಳು ಕಣ್ಣು ಮುಚ್ಚಿದಳು. ನಿದ್ದೆ ಹೋದಳೇನೋ ಅಂದುಕೊಂಡೆ.

"ಭಾಳ ಅಳತಿದ್ಲು," ಎಂದಳು. "ಆಚೆ ಕೋಣ್ಯಾಗಿಂದ ಕೇಳಸತಿತ್ತು. ಆಮ್ಯಾಲೆ ಅಳೋದು ಬಿಟ್ಲು."

"ನೀ ಅತ್ತೇನವ್ವಾ?"

"ಅಳಬ್ಯಾಡ ಅಂದ್ರು. ಬಾಣಂತಿ ಅತ್ತರ ಹಾಲು ಬತ್ತತೈತಿ, ಇರೋ ಕೂಸಿಗೆ ಸಾಲಂಗಿಲ್ಲ ಅಂದ್ರು. ನಾ ಅಳಲಿಲ್ಲ."

ನಾನು ಅವಳ ಕೈಯನ್ನು ಎಳೆದು ನನ್ನ ಎದೆಯ ಮೇಲೆ ಇಟ್ಟುಕೊಂಡೆ.

"ಈಗ ಅಳವ್ವ," ಎಂದೆ. "ನನಗ ಹೊಟ್ಟಿ ತುಂಬೈತಿ."

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಅದನ್ನೂ ತೆಗೆದು ದನಿಯೆತ್ತಿ ಅತ್ತಳು.